ಹಗಲಿನ ಗುಳಿಗೆ

ಹೋದ ತಿಂಗಳು ಒಂದು ತರಬೇತಿಗೆಂದು ಗಂಗಾವತಿಯಿಂದ ಯಲಬುರ್ಗಾಕ್ಕೆ ಹೋಗುತ್ತಿದ್ದೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿದ ಮೇಲೆ ಇಬ್ಬರು ಹೆಂಗಸರು ನನ್ನ ಪಕ್ಕ ಬಂದು ಕೂತರು. ಒಬ್ಬಳ ಉಡಿಯಲ್ಲಿ ಬಾಳೆಹಣ್ಣು, ಇನ್ನೊಬ್ಬಳ ಕೈಚೀಲದಲ್ಲಿ ಬಿಸ್ಕತ್ತು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಊರಿನ ಹೆಸರು ಹೇಳಿ ಸುಮ್ಮನಿರಬಹುದಿತ್ತು. ದೊಡ್ಡಾಕೆ ಬಿಡಲಿಲ್ಲ. "ಬೀಗರ ಮನ್ಯಾಗ ಆರಾಮಿಲ್ರಿ, ಮಾತಾಡಿಸ್ಕೊಂಡು ಬರಾಕ ಹೊಂಟೇವಿ" ಅಂದಳು. ಕಂಡಕ್ಟರ್ ಕೂಡ "ಹೌದೌದು, ಹೋಗಿ ಬರ್ರಿ" ಎಂದು ಫ್ರೀ ಟಿಕೆಟ್ ಹರಿದು ಕೊಟ್ಟ. ನಾನು ಕಿಟಕಿ ಕಡೆ ತಿರುಗಿಕೊಂಡೆ. ಇಂಥ ಒಳ್ಳೆಯ ಮಾತಿಗೆ ಯಾರಿಗೂ ಸಿಟ್ಟು ಬರಬಾರದು, ಡಾಕ್ಟರ್ ಆದವಳಿಗಂತೂ ಬರಲೇಬಾರದು. ನನಗೆ ಬಂತು. ಹಿಂದೆ ಇದೇ ಕಡೆ ಕೆಲಸಕ್ಕಿದ್ದಾಗ ಶಂಕ್ರವ್ವ ಎಂಬ ರೋಗಿಯ ಮನೆಯಲ್ಲಿ ಕಳೆದ ಹಿಂಗಾರಿ ಯಲಬುರ್ಗಾ ಬರುವವರೆಗೂ ನೆನಪಾಗುತ್ತಲೇ ಇತ್ತು.

ನಾನು ಹುಟ್ಟಿ ಬೆಳೆದದ್ದು ಅಂಜನಾದ್ರಿಯ ಬುಡದ ಹನುಮನಹಳ್ಳಿಯಲ್ಲಿ. ಕಾಲುವೆ ನೀರು, ಭತ್ತದ ಗದ್ದೆ, ಯಾವ ಹೊತ್ತಿನಲ್ಲಿ ನೋಡಿದರೂ ಬೆಟ್ಟ ಹತ್ತಲು ಬಂದ ಜನ. ಯಲಬುರ್ಗಾದ ಆಸ್ಪತ್ರೆಗೆ ಪೋಸ್ಟಿಂಗ್ ಆದಾಗ ಅಮ್ಮ, "ಅಲ್ಲಿ ಬರೇ ಎರಿ ಭೂಮಿ. ಮೂರು ಹೊತ್ತು ರೊಟ್ಟಿ ತಿಂದು ಬದುಕ್ತೀಯೇನು?" ಎಂದು ಕೇಳಿದ್ದಳು. ರೊಟ್ಟಿ ಒಂದೇ ವಾರಕ್ಕೆ ಒಗ್ಗಿತು. ಆ ಕಪ್ಪು ಮಣ್ಣು ಒಗ್ಗಲಿಲ್ಲ. ಮಳೆಯಾದ ಮರುದಿನ ಹಳ್ಳಿಗೆ ಹೊರಟರೆ ಚಪ್ಪಲಿ ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತಿತ್ತು. ಬಿಸಿಲು ಬಿದ್ದರೆ ಅದೇ ಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದು ಚಳಿ ಶುರುವಾದಾಗ ಮಾತ್ರ ಆ ನೆಲಕ್ಕೆ ಒಂದು ಕಳೆ ಬರುತ್ತಿತ್ತು, ನಾನೂ ಸ್ವಲ್ಪ ಮೆತ್ತಗಾಗುತ್ತಿದ್ದೆ.

ಆ ವರ್ಷ ನಾನು ನೋವಿನ ಚಿಕಿತ್ಸೆಯ ಒಂದು ಸಣ್ಣ ಕೋರ್ಸು ಮುಗಿಸಿ ಬಂದಿದ್ದೆ. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋಡುವ ಕೆಲಸವನ್ನು ನಮ್ಮ ದೊಡ್ಡ ಡಾಕ್ಟರು ನನಗೆ ವಹಿಸಿದರು. ಹೊಸದಾಗಿ ಕಲಿತವರ ಉಮೇದು ನನಗೂ ಇತ್ತು. ಕಾಯಿಲೆ ವಾಸಿಯಾಗದಿದ್ದರೂ ನೋವು ಕಡಿಮೆ ಮಾಡಬಹುದು, ಯಾವ ಮನುಷ್ಯನೂ ನರಳುತ್ತಾ ಸಾಯಬೇಕಾಗಿಲ್ಲ ಎಂದು ಕಲಿಸಿದ್ದರು. ಅದನ್ನು ಪೂರಾ ನಂಬಿಕೊಂಡು ಬಂದಿದ್ದೆ.

ರೇಣುಕಾ ಬಂದದ್ದು ದೀಪಾವಳಿ ಆದ ಮೇಲೆ. ಕುಷ್ಟಗಿ ದಾರಿಯ ಒಂದು ಊರಿನವಳು, ಶಂಕ್ರವ್ವನ ಸೊಸೆ. ಅತ್ತೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದ್ದರು. ಅಲ್ಲಿಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದರು. ಬೇನೆ ಬೆನ್ನೆಲುಬಿಗೆ ಇಳಿದಿತ್ತು. "ನೋವಿನ ಗುಳಗಿ ನುಂಗಿಸಿದ್ರ ಅರ್ಧ ತಾಸಿನ್ಯಾಗ ವಾಂತಿ ಮಾಡ್ತಾಳ್ರಿ. ಎಣ್ಣಿಯಂಥಾದ್ದು ಕೊಟ್ಟಿದ್ರು, ಅದೂ ನಿಲ್ಲಂಗಿಲ್ಲ. ಆಸ್ಪತ್ರಿಗಿ ಬಾ ಅಂದ್ರ ಒಲ್ಲೆ ಅಂತಾಳ. ಏನರ ಮಾಡ್ರಿ ಬಾಯಾರ" ಎಂದು ನನ್ನ ಮೇಜಿನ ಅಂಚು ಹಿಡಿದು ನಿಂತಳು. ಆ ಕಡೆ ಓದಿದ ಹೆಂಗಸರನ್ನು ಬಾಯಾರ ಅನ್ನುತ್ತಾರೆ.

ನುಂಗಿದ್ದು ನಿಲ್ಲದವರಿಗೆಂದೇ ಒಂದು ಗುಳಿಗೆ ಇದೆ. ಅಫೀಮಿನ ಕುಲದ್ದು; ಉದ್ದಿನ ಬೇಳೆಗಿಂತ ಸ್ವಲ್ಪ ದೊಡ್ಡದು. ನಾಲಿಗೆಯ ಕೆಳಗೆ ಇಟ್ಟು ಬಾಯಿ ಮುಚ್ಚಿಕೊಂಡರೆ ಹತ್ತು ನಿಮಿಷದಲ್ಲಿ ಕರಗಿ, ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ಆ ಹತ್ತು ನಿಮಿಷ ನುಂಗಬಾರದು, ನೀರು ಕುಡಿಯಬಾರದು, ಮಾತಾಡಬಾರದು. ನುಂಗಿದರೆ ಹೊಟ್ಟೆಗೆ ಹೋಗಿ ಯಕೃತ್ತಿನಲ್ಲಿ ಬಹುಪಾಲು ಹಾಳಾಗುತ್ತದೆ, ನೋವಿನ ತನಕ ತಲುಪುವುದಿಲ್ಲ. ಹೆಚ್ಚು ಕೊಟ್ಟರೆ ಉಸಿರು ತಗ್ಗುವ ಭಯ ಇರುವುದರಿಂದ ಅದನ್ನು ಯಾರೆಂದರೆ ಅವರು ಬರೆಯುವಂತಿಲ್ಲ, ಎಲ್ಲೆಂದರಲ್ಲಿ ಸಿಗುವುದೂ ಇಲ್ಲ. ಕೊಪ್ಪಳದಿಂದ ತರಿಸಿದೆ. ಮೊದಲ ಗುಳಿಗೆಯನ್ನು ನಾನೇ ಅವರ ಮನೆಗೆ ಹೋಗಿ ಶಂಕ್ರವ್ವನ ನಾಲಿಗೆಯ ಕೆಳಗಿಟ್ಟು, ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತಾ ಕೂತಿದ್ದೆ. ಆ ದಿನ ಅವರ ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಮುಖದ ಗಂಟು ಸಡಿಲಾಯಿತು. ನಾನು ಗೆದ್ದೆ ಅಂದುಕೊಂಡು ಹೊರಗೆ ಬಂದು ಎರಡು ಕಪ್ ಚಹಾ ಕುಡಿದೆ.

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಮಲಗುವಾಗ ಒಂದು ಎಂದು ಬರೆದುಕೊಟ್ಟೆ. ವಾರ ಬಿಟ್ಟು ಹೋದರೆ ರೇಣುಕಾ ಅಳುಮುಖ ಮಾಡಿದ್ದಳು. ರಾತ್ರಿಯದು ಕೆಲಸ ಮಾಡುತ್ತಿತ್ತು. ಅತ್ತೆ ನಿದ್ದೆ ಮಾಡುತ್ತಿದ್ದಳು. ಹಗಲಿನ ಎರಡೂ ಕೆಲಸ ಮಾಡುತ್ತಿರಲಿಲ್ಲ. ಬೆಳಗಾದರೆ ನರಳಾಟ, ದೀಪ ಹಚ್ಚುವ ತನಕ ನರಳಾಟ. ಅದೇ ಗುಳಿಗೆ, ಅದೇ ಬಾಯಿ. ಡೋಸು ಹೆಚ್ಚಿಸೋಣವೆಂದರೆ ರಾತ್ರಿಯ ಉಸಿರಿನ ಭಯ. ಇದೆಂಥ ನೋವು, ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆ ಮುಳುಗುವುದು ಎಂದು ಪುಸ್ತಕ ತಿರುವಿದೆ. ನನಗೆ ಕಲಿಸಿದ ಗುರುಗಳಿಗೆ ಫೋನು ಮಾಡಿದೆ. ಅವರಿಗೂ ತಿಳಿಯಲಿಲ್ಲ.

ಕೊನೆಗೆ ಒಂದು ದಿನ ಬೆಳಿಗ್ಗೆ ಹೋಗಿ ಮೂಲೆಯಲ್ಲಿ ಸುಮ್ಮನೆ ಕೂತೆ. ರೇಣುಕಾ ಗುಳಿಗೆ ಇಟ್ಟಳು. ಶಂಕ್ರವ್ವ ಬಾಯಿ ಮುಚ್ಚಿ ಕಣ್ಣು ಮುಚ್ಚಿದಳು. ಎರಡು ನಿಮಿಷ ಆಗಿರಲಿಲ್ಲ, ಹೊಸ್ತಿಲಲ್ಲಿ ಒಬ್ಬ ಮುದುಕಿ ಕಾಣಿಸಿಕೊಂಡಳು. "ಹೆಂಗದೀ ಶಂಕ್ರವ್ವಾ?" ಅಂದಳು. ಶಂಕ್ರವ್ವನ ಗಂಟಲು ಗುಳಕ್ಕೆಂದಿತು. "ಬಾ ಯವ್ವಾ, ಆರಾಮ ಅದೀನಿ. ಕುಂದ್ರು. ಬಿಸಲಾಗ ಯಾಕ ಬಂದೀ?" ಎಂದು ಶುರು ಮಾಡಿದಳು. ಮುದುಕಿ ಎದ್ದು ಹೋಗುವಷ್ಟರಲ್ಲಿ ಬಸ್ಸಿಳಿದು ಇನ್ನೂ ಮೂವರು ಬಂದಿದ್ದರು.

ಅವರೆಲ್ಲ ಹೋದ ಮೇಲೆ ಹತ್ತಿರ ಹೋಗಿ, "ಅಲ್ಲಬೇ ಅವ್ವಾ, ಗುಳಗಿ ನುಂಗಿಬಿಟ್ಟೀರಿ?" ಎಂದು ಕೇಳಿದೆ.

"ಹೌದ್ರಿ. ಮತ್ತ ಬಾಯಾಗ ಇಟ್ಕೊಂಡು ಮಾತಾಡಿದ್ರ ಹೊರಗ ಬೀಳತೈತಿ."

"ಹತ್ತು ಮಿಂಟ ಅವ್ರು ಕಾಯ್ಲಿ. ಆಮ್ಯಾಲೆ ಎಷ್ಟು ಬೇಕಾದ್ರೂ ಮಾತಾಡ್ರಿ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಮಾತಾಡಿಸಾಕ ಬಂದವ್ರ ಮುಂದ ಬಾಯಿ ಮುಚ್ಕೊಂಡು ಮಲಗಿದ್ರ ಏನಂತ ತಿಳ್ಕೋತಾರ ಬಾಯಾರ? ಕುಂತಲ್ಲೇ ಮನಸಿನ್ಯಾಗ ನನಗ ಮಣ್ಣು ಕೊಟ್ಟು ಎದ್ದು ಹೋಗ್ತಾರ. ನಾನೂ ಎಲ್ಲಾರ ಮನಿಗೂ ಹೋಗೀನ್ರಿ. ಊರಾಗ ಯಾರು ಬಿದ್ರೂ ಮೊದಲ ಹೊಸ್ತಿಲ ದಾಟಿದಾಕೀ ನಾನು. ಪಾಪ, ಜೀವ ಹೋಗೋ ನೋವಿನ್ಯಾಗ ಅವ್ರು ಬಾ ಅಂದಾರ, ಕುಂದ್ರು ಅಂದಾರ."

ನಾನು ಆಣೆ ಹಾಕಿಸಿಕೊಂಡಂತೆ ಅವಳಿಂದ ಮಾತು ತೆಗೆದುಕೊಂಡೆ: ಮಧ್ಯಾಹ್ನದ್ದೊಂದನ್ನು ಮಾತ್ರ ಪೂರಾ ಕರಗಲು ಬಿಡಬೇಕು, ಯಾರೇ ಬರಲಿ. ಅವಳು ಮಾತಿಗೆ ತಪ್ಪಲಿಲ್ಲ. ಮರುದಿನ ಮಧ್ಯಾಹ್ನ ಬಂದ ಇಬ್ಬರು ಎಷ್ಟು ಕರೆದರೂ ಬಾಯಿ ತೆರೆಯಲಿಲ್ಲ. ಗುಳಿಗೆ ಕರಗುತ್ತಿದೆ ಎಂದು ರೇಣುಕಾ ಹೇಳಿದ್ದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. ಸಂಜೆಯೊಳಗೆ ಊರೆಲ್ಲ ಸುದ್ದಿ: ಶಂಕ್ರವ್ವ ಮಾತು ಬಿಟ್ಟಾಳ. ಆ ಕಡೆ ಆ ಮಾತಿಗೆ ಒಂದೇ ಅರ್ಥ, ಇನ್ನು ಬಹಳ ಹೊತ್ತಿಲ್ಲ ಎಂದು. ಮೊಬೈಲುಗಳು ಓಡಿದವು. ಮಾರನೇ ದಿನ ಹನುಮಸಾಗರದಿಂದ ಅವಳ ತವರಿನವರು ಒಂದು ಕ್ರೂಸರ್ ತುಂಬ ಬಂದಿಳಿದರು. ನಾನು ಅಲ್ಲಿಗೆ ಮುಟ್ಟಿದಾಗ ಮಧ್ಯಾಹ್ನದ ಗುಳಿಗೆ ಇಟ್ಟು ಆಗಿತ್ತು. ಅವಳು ನನಗೆ ಕೊಟ್ಟ ಮಾತಿನಂತೆ ತುಟಿ ಬಿಗಿದು ಮಲಗಿದ್ದಳು. ಅವಳ ಅಣ್ಣನ ಹೆಂಡತಿ ಅಳುತ್ತಾ ತುಟಿ ಬಿಡಿಸಿ ಬಾಯಿಗೆ ಒಂದು ಚಮಚ ನೀರು ಬಿಟ್ಟಳು. ಹಿಂದೆ ಇನ್ನೊಬ್ಬಳು ನಿಂತಿದ್ದಳು, ಅವಳ ಹಿಂದೆ ಮತ್ತೊಬ್ಬಳು. ಕೊನೆಯ ನೀರು ಎಲ್ಲರೂ ಬಿಡಬೇಕಲ್ಲ. "ಬಿಡ್ರಿ, ಬಿಡ್ರಿ, ಗುಳಗಿ ಐತಿ ಬಾಯಾಗ!" ಎಂದು ನಾನು ಕೂಗಿಕೊಂಡು ಒಳಗೆ ನುಗ್ಗುವಷ್ಟರಲ್ಲಿ ಅರ್ಧ ಕರಗಿದ ಗುಳಿಗೆ ನೀರಿನ ಜೊತೆ ಇಳಿದುಹೋಗಿತ್ತು. ಶಂಕ್ರವ್ವ ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟು, "ಸಾಕ ಬಿಡ್ರಬೇ, ಸತ್ತಿಲ್ಲ ನಾ" ಅಂದಳು. ಅವರೆಲ್ಲ ಅಳು ನಿಲ್ಲಿಸಿ ನಕ್ಕರು. ಅವಳೂ ನಕ್ಕಳು. ಸಂಜೆತನಕ ನೋವಿನಿಂದ ಗೋಡೆಗೆ ಕೈ ಬಡಿದಳು.

ಅವಳ ಗಂಡ ಫಕೀರಪ್ಪ ಹಿತ್ತಲಲ್ಲಿ ದನಕ್ಕೆ ಕಣಿಕೆ ಹಾಕುತ್ತಿದ್ದ. ಹೆಚ್ಚು ಮಾತಿಲ್ಲದ ಮನುಷ್ಯ. ಬರುವವರನ್ನು ಬಾಗಿಲಲ್ಲೇ ತಡೆಯಿರಿ, ನಿಮ್ಮ ಹೆಂಡತಿಯ ಹಗಲುಗಳು ಹೀಗೆ ಹೋಗುತ್ತಿವೆ ಎಂದು ಅವನ ಮೇಲೆ ರೇಗಿದೆ. ಅವನು ಕಣಿಕೆ ಕೆಳಗಿಟ್ಟು, "ಬರಬ್ಯಾಡ್ರಿ ಅಂತ ಯಾವ ಬಾಯಿಲೆ ಹೇಳ್ಲಿ ಬಾಯಾರ? ನಾಳೆ ಆಕೀನ ಹೊತ್ಕೊಂಡು ಹೋಗಾಕ ಇವ್ರ ಬೇಕಲ್ರಿ" ಅಂದ. ಬೇರೆ ದಾರಿ ಹುಡುಕಿದೆ. ನೋವಿಗೆ ಚರ್ಮದ ಮೇಲೆ ಅಂಟಿಸುವ ಔಷಧದ ಪಟ್ಟಿ ಬರುತ್ತದೆ, ಅದು ನಮ್ಮ ಜಿಲ್ಲೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಇಂಜೆಕ್ಷನ್ ಕೊಡಲು ಆ ಊರಲ್ಲಿ ಯಾರೂ ಇಲ್ಲ. ಆಸ್ಪತ್ರೆಯ ಮಾತೆತ್ತಿದರೆ ಶಂಕ್ರವ್ವ ಮುಖ ತಿರುಗಿಸುತ್ತಿದ್ದಳು. ನನ್ನ ಚೀಲದಲ್ಲಿ ಔಷಧ ಇತ್ತು, ಅದು ಆ ಬಾಯಿಯಲ್ಲಿ ಹತ್ತು ನಿಮಿಷ ನಿಲ್ಲುವಂತೆ ಮಾಡಲು ನನ್ನ ಕೈಲಿ ಆಗಲಿಲ್ಲ.

ಆಮೇಲೆ ಒಂದು ದಿನ ರೇಣುಕಾ ಫೋನು ಮಾಡಿದಳು. "ಬಾಯಾರ, ಮಂದಿ ಬರೂದು ನಿಂತೈತ್ರಿ" ಅಂದಳು. ದನಿಯಲ್ಲಿ ಗುಟ್ಟು ಇತ್ತು. ಮಧ್ಯಾಹ್ನ ಹೋಗಿ ನೋಡಿದರೆ ಬಾಗಿಲಿಗೆ ಹಸಿ ಬೇವಿನ ತಪ್ಪಲು ಕಟ್ಟಿದ್ದಳು. ಮೈಮೇಲೆ ಗುಳ್ಳೆ ಎದ್ದು ಅಮ್ಮ ಬಂದ ಮನೆಗೆ ಹಾಗೆ ಬೇವು ಕಟ್ಟುತ್ತಾರೆ. ಬೇವು ಕಂಡ ಮನೆಯ ಹೊಸ್ತಿಲನ್ನು ಹೊರಗಿನವರು ದಾಟುವುದಿಲ್ಲ. ತನ್ನ ಪುಟ್ಟ ಮಗಳಿಗೆ ಅಮ್ಮ ಬಂದಿದೆ ಎಂದು ಸುದ್ದಿ ಹಬ್ಬಿಸಿದ್ದಳಂತೆ. ಆ ಮಗು ಒಳಗೆ ಗುಂಡುಕಲ್ಲಿನಂತೆ ಕೂತು ಶೇಂಗಾ ತಿನ್ನುತ್ತಿತ್ತು. ನಾನು ಬಾಗಿಲಲ್ಲೇ ನಿಂತು ಜೋರಾಗಿ ನಕ್ಕೆ. ಇಷ್ಟು ಓದಿದ ನನಗೆ ಹೊಳೆಯದ್ದು ಈಕೆಗೆ ಹೊಳೆಯಿತಲ್ಲ ಎಂದು ಅವಳ ಬೆನ್ನು ತಟ್ಟಿದೆ.

ಅವಳು ನಗಲಿಲ್ಲ. "ಒಳಗ ಬಂದು ನೋಡ್ರಿ" ಅಂದಳು.

ಶಂಕ್ರವ್ವ ಕೌದಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಬಿದ್ದಿದ್ದಳು. ಹಣೆಯ ಮೇಲೆ ಬೆವರು. ಹಿಂದಿನ ರಾತ್ರಿಯ ಗುಳಿಗೆಯನ್ನೂ ತೆಗೆದುಕೊಂಡಿರಲಿಲ್ಲ. ಅಮ್ಮ ಬಂದ ಮನೆಯಲ್ಲಿ ಔಷಧ ಮುಟ್ಟಬಾರದು.

"ಅಮ್ಮ ಎಲ್ಲಿ ಬಂದಾಳಬೇ? ಸುಳ್ಳು ಅದು, ನಿಮ್ಮ ಸಲುವಾಗಿ ಕಟ್ಟ್ಯಾಳ" ಅಂದೆ.

"ಸುಳ್ಳ ಇರಲಿ" ಎಂದು ಅವಳು ಉಸಿರು ಹಿಡಿದು ಹಿಡಿದು ಹೇಳಿದಳು. "ಬೇವು ಕಟ್ಟಿ ಕರದೀರಿ. ಕರದ ಮ್ಯಾಲೆ ಬಂದಾಳ, ಬಾಗಲದಾಗ ನಿಂತಾಳ. ಆಕೀ ಮುಂದ ನಾ ಗುಳಗಿ ತಗೊಂಡ್ರ ಆಕೀ ಸಿಟ್ಟು ಯಾರ ಮ್ಯಾಲೆ ತೀರಿಸ್ಕೋಬೇಕು? ನನಗ ಇನ್ನೇನು ಮಾಡ್ತಾಳ. ಆ ಕೂಸಿನ ಕಡೆ ನೋಡ್ತಾಳ."

ಹಾಗಾದರೆ ಬೇವು ಬಿಚ್ಚಿಬಿಡು ಎಂದು ರೇಣುಕಾಗೆ ಹೇಳಿದೆ. ಶಂಕ್ರವ್ವ ಅದಕ್ಕೂ ಒಪ್ಪಲಿಲ್ಲ. ಬಂದ ಅಮ್ಮನನ್ನು ಅರ್ಧಕ್ಕೆ ಎಬ್ಬಿಸಿ ಕಳಿಸಬಾರದಂತೆ. ಐದು ದಿನ ಒಗ್ಗರಣೆ ಇಲ್ಲ, ಔಷಧ ಇಲ್ಲ, ಮಂದಿ ಇಲ್ಲ. ಐದನೇ ದಿನ ಮೊಸರನ್ನ ಮಾಡಿಸಿ, ಊರ ಹೊರಗಿನ ಬೇವಿನ ಮರದ ತನಕ ರೇಣುಕಾಳನ್ನು ಕಳಿಸಿ, ಬಾರದೆ ಇದ್ದ ಅಮ್ಮನನ್ನು ಕ್ರಮವಾಗಿ ಬೀಳ್ಕೊಡಿಸಿದಳು. ಆ ದಿನಗಳಲ್ಲಿ ನಾನು ಎರಡು ಸಲ ಹೋಗಿ ಎರಡು ಸಲವೂ ಬೇಡಿಕೊಂಡೆ. ರೇಣುಕಾ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಅಲ್ಲಿಂದ ಬರುವಾಗ ಹಾದಿಯಲ್ಲಿ ಗಾಡಿ ನಿಲ್ಲಿಸಿ ನಾನೂ ಅತ್ತುಬಿಟ್ಟೆ. ಬೇವು ಇಳಿದ ಮರುದಿನ ಅಷ್ಟೂ ದಿನ ಬಾಕಿ ಉಳಿದವರೆಲ್ಲ ಒಟ್ಟಿಗೆ ಮಾತಾಡಿಸಲು ಬಂದರು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಆ ದಿನ ಎರಿ ಸೀಮೆಯಲ್ಲಿ ಊರಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ ಕಟ್ಟಿಕೊಂಡು ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಅನ್ನ ಚೆಲ್ಲಿ ಚರಗ ಮಾಡಿ, ಉಂಡು, ಹೊತ್ತು ಇಳಿದ ಮೇಲೆಯೇ ಬರುವುದು. ನನಗೆ ಇದಕ್ಕಿಂತ ಒಳ್ಳೆಯ ದಿನ ಬೇಕಿರಲಿಲ್ಲ. ಬೆಳಿಗ್ಗೆಯೇ ಹೋದೆ. ರೇಣುಕಾ ಅತ್ತೆಯ ಹತ್ತಿರ ಉಳಿಯುತ್ತೇನೆಂದಳು. "ಮನೀ ಸೊಸಿ ಇಲ್ದ ಎಂಥಾ ಚರಗ? ಹೋಗು, ಬಾಯಾರ ಅದಾರಲ್ಲ" ಎಂದು ಶಂಕ್ರವ್ವ ಅವಳನ್ನು ಗದರಿಸಿ ಕಳಿಸಿದಳು. ಗಾಡಿಯ ಸದ್ದು ದೂರ ಹೋಯಿತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಮಧ್ಯಾಹ್ನದ ಗುಳಿಗೆ ಇಟ್ಟೆ. ಅವಳು ಬಾಯಿ ಮುಚ್ಚಿದಳು. ಒಂದೆರಡು ಸಲ ಬಾಗಿಲ ಕಡೆ ಕಣ್ಣು ಹೊರಳಿಸಿದಳು. ಯಾರೂ ಬರಲಿಲ್ಲ. ಗುಳಿಗೆ ಪೂರಾ ಕರಗಿತು. ಅರ್ಧ ತಾಸು ಕಳೆಯುವಷ್ಟರಲ್ಲಿ ಬಿಗಿದಿದ್ದ ಕೈ ಬಿಚ್ಚಿಕೊಂಡವು. ಆಮೇಲೆ ಹಣೆ. ಆಮೇಲೆ ಕಾಲು ನೀಡಿ ಮಲಗಿದಳು. ಅವಳು ಅಷ್ಟು ಎತ್ತರದ ಹೆಂಗಸೆಂದು ನನಗೆ ಆವತ್ತೇ ಗೊತ್ತಾದದ್ದು. ಉಸಿರು ನೋಡಿದೆ, ನಾಡಿ ನೋಡಿದೆ, ಎಲ್ಲ ಸರಿ ಇತ್ತು. ಹಗಲು ಹೊತ್ತಿನಲ್ಲಿ ಶಂಕ್ರವ್ವ ನಿದ್ದೆ ಮಾಡುತ್ತಿದ್ದಳು! ಸಂತೋಷ ತಡೆಯಲಾರದೆ ಹೊರಗಿನ ಕಟ್ಟೆಯ ಮೇಲೆ ಬಂದು ಕೂತು, ನನ್ನ ಗುರುಗಳಿಗೆ ಫೋನು ಮಾಡಿ ಹೇಳಿದೆ. ಅವರೂ ಖುಷಿಪಟ್ಟರು. ಜೋಳದ ಹೊಲಗಳ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಆ ಊರಿನಲ್ಲಿ ನಾನು ಅಷ್ಟು ಹಗುರಾಗಿ ಕೂತದ್ದು ಅದೊಂದೇ ಸಲ.

ಒಳಗಿನಿಂದ ಕೂಗು ಕೇಳಿತು. "ಯಾರದೀರಿ? ಯಾರರ ಅದೀರೇನ್ರೋ?"

ಓಡಿ ಹೋದೆ. ಶಂಕ್ರವ್ವ ಅರ್ಧ ಎದ್ದು ಗೋಡೆಗೆ ಆತುಕೊಂಡಿದ್ದಳು. ಅಷ್ಟು ದಿನದಲ್ಲಿ ಅವಳು ತಾನಾಗಿ ಎದ್ದದ್ದೇ ಇಲ್ಲ. ಕಣ್ಣುಗಳು ದೊಡ್ಡವಾಗಿದ್ದವು. ನನ್ನ ಕೈ ಸಿಕ್ಕ ಕೂಡಲೇ ಹಿಡಿದುಕೊಂಡಳು.

"ನೋವು ಬಂತೇನಬೇ?"

"ಇಲ್ರಿ. ನೋವ ಇಲ್ಲ." ಬಾಗಿಲ ಕಡೆ ನೋಡಿದಳು. "ಕಣ್ಣು ಬಿಟ್ನಿ. ಮೈಯಾಗ ನೋವಿಲ್ಲ. ಮನ್ಯಾಗ ಸಪ್ಪಳಿಲ್ಲ. ಯಾರೂ ಇಲ್ಲ. ಸತ್ತೀನಿ ಅಂದ್ಕೊಂಡ್ನಿ. ಹಿಂಗ ಇರತೈತಿ ಅಂತ ಅನಿಸಿ ಭಾಳ ಹೆದರಿಕಿ ಆತ್ರಿ."

ಔಷಧದ ಮಂಪರು, ಒಮ್ಮೊಮ್ಮೆ ಹೀಗಾಗುತ್ತದೆ, ನಾಳೆ ನಾನು ಪಕ್ಕದಲ್ಲೇ ಕೂತಿರುತ್ತೇನೆ ಎಂದು ಏನೇನೋ ಹೇಳಿದೆ. ಅವಳು ಪೂರಾ ಕೇಳಿಸಿಕೊಂಡಳು.

"ರಾತ್ರೀದು ಕೊಡ್ರಿ. ಆಗ ಎಲ್ಲಾರೂ ಸುತ್ತಲೂ ಮಲಗಿರ್ತಾರ. ಹಗಲಿಂದು ಬ್ಯಾಡ್ರಿ ಬಾಯಾರ. ಮಂದಿ ಬರ್ಲಿ."

"ನೋವು ತಿಂತೀರಲ್ಲಬೇ!"

"ತಿಂತೀನಿ. ಇದ್ದೀನಿ ಅಂತ ಗೊತ್ತಿರತೈತಿ."

ನಾನು ವಾದ ಮಾಡಿದೆ. ಆವತ್ತೂ ಮಾಡಿದೆ, ಮುಂದಿನ ಸಲವೂ ಮಾಡಿದೆ. ಅವಳ ಮಾತನ್ನು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ. ನೋವಿನಲ್ಲಿ ದೊಡ್ಡತನ ಏನೂ ಇಲ್ಲ, ಅದು ಬರೀ ನೋವು. ಆದರೆ ಔಷಧ ಒಲ್ಲೆ ಅನ್ನುವವರ ಬಾಯಿ ಬಿಡಿಸಿ ಇಡಲಾಗುವುದಿಲ್ಲ. ಹಗಲಿನ ಗುಳಿಗೆಯನ್ನು ನಾನೇ ಚೀಟಿಯಿಂದ ಹೊಡೆದುಹಾಕಿದೆ.

ಜೋಳ ಕೊಯ್ಯುವ ಮೊದಲೇ ಅವಳು ಹೋದಳು. ಅದಕ್ಕೆ ಮೂರು ದಿನ ಮುಂಚೆ ಕೊನೆಯ ಸಲ ಅವರ ಮನೆಗೆ ಹೋಗಿದ್ದೆ. ಕಟ್ಟೆಯ ಕೆಳಗೆಲ್ಲ ಚಪ್ಪಲಿ. ಒಳಗೆ ಕಾಲಿಡಲು ಜಾಗವಿರಲಿಲ್ಲ, ಬಾಗಿಲಲ್ಲೇ ನಿಂತೆ. ಅವಳು ಕಾಣಿಸುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ನಡುನಡುವೆ ಮಾತು ಹಲ್ಲಿನಲ್ಲಿ ಕಡಿದುಹೋಗುತ್ತಿತ್ತು. ಆಗ ಕೂತವರೆಲ್ಲ ನೋವಿನ ಅಲೆ ದಾಟುವ ತನಕ ಕಾಯುತ್ತಿದ್ದರು. ಯಾರೋ ನಾನು ಬಂದದ್ದನ್ನು ಹೇಳಿರಬೇಕು.

"ಬಾಯಾರ ಬಂದಾರೇನು?" ದನಿ ತೆಳ್ಳಗಿತ್ತು. "ನಿಂದ್ರಸಬ್ಯಾಡ್ರಿ ಅವ್ರನ್ನ. ಜಾಗಾ ಬಿಡ್ರಿ, ಕುಂದರ್ಲಿ."

ನನ್ನ ಕೈಚೀಲದಲ್ಲಿ ಗುಳಿಗೆ ಇತ್ತು. ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ನಾನು ಹೋಗಿ ಅವರ ನಡುವೆ ಕೂತು, "ಹೆಂಗದೀರಿ ಅವ್ವಾ?" ಎಂದು ಕೇಳಿದೆ.

"ಆರಾಮ ಅದೀನ್ರಿ" ಅಂದಳು.